ಕಾರ್ಬ್ಯುರೇಟರಿನ ಮೇಲೆ ಅವ್ವನ ಹೆಸರು

ಕಪಾಟಿನಲ್ಲಿರುವ ಆ ಹಳೆಯ ಕಾರ್ಬ್ಯುರೇಟರನ್ನು ಮುಟ್ಟಿದಾಗಲೆಲ್ಲ ನನ್ನ ಮೂಗಿಗೆ ಪೆಟ್ರೋಲು, ಅರಿಸಿನ ಎರಡೂ ಒಟ್ಟಿಗೇ ಬಡಿಯುತ್ತವೆ.

ನಮ್ಮದೂ ಅಪ್ಪನ ತಮ್ಮನಾದ ಕಾಕಾನದೂ ಒಂದೇ ಮಾದರಿಯ ಕಾರು. ಕಂಪನಿ ಅದನ್ನು ನಿಲ್ಲಿಸಿ ವರ್ಷಗಳಾಗಿದ್ದವು; ಬಿಡಿಭಾಗ ಸಿಗುತ್ತಿರಲಿಲ್ಲ. ಅದಕ್ಕೇ ಅವ್ವ ಸ್ಟೀಲಿನ ಪಾತ್ರೆಗಳಿಗೆ ಹಾಕಿಸುವಂತೆ ಕಾರ್ಬ್ಯುರೇಟರಿನ ಮೇಲೂ ತನ್ನ ಹೆಸರು ಕೊರೆಸಿದ್ದಳು. ಒಮ್ಮೆ ಕಾಕಾ ತನ್ನ ಪರಿಚಯದ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸುತ್ತೇನೆಂದು ನಮ್ಮ ಕಾರು ಒಯ್ದ. ಮರಳಿ ಬಂದ ಕಾರು ಕಾತ್ರಜ ಘಾಟಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ಬಾನೆಟ್ ಎತ್ತಿ ನೋಡಿದರೆ ಕಾರ್ಬ್ಯುರೇಟರಿನ ಮೇಲೆ ಅವ್ವನ ಹೆಸರಿರಲಿಲ್ಲ.

"ಹಳೇ ಡಬ್ಬಾ ಅದ, ಗುಜರಿಗಿ ಹಾಕ್ರಿ ವೈನಿ," ಎಂದು ಕಾಕಾ ತನ್ನ ಅತ್ತಿಗೆಗೆ ಹೇಳಿ ನಕ್ಕ.

ಮುಂದೆ ಎರಡೂ ಮನೆಯವರು ಜೇಜುರಿಯ ಗುಡ್ಡದ ಗುಡಿಗೆ ಹೋದೆವು. ದರ್ಶನ ಮುಗಿಸಿ, ಭಂಡಾರವೆಂದು ಅಲ್ಲಿ ಭಕ್ತರು ಎರಚುವ ಅರಿಸಿನ ಮೈತುಂಬ ಮೆತ್ತಿಕೊಂಡು ಇಳಿದಾಗ ಸುಡುಬಿಸಿಲು. ಅವ್ವ ನೇರ ಹೋಗಿ ಕಾಕಾನ ಕಾರಿನ ಬಾನೆಟ್ ಎತ್ತಿದಳು. ಬೆರಳಿನಿಂದ ಜಿಡ್ಡು ಒರೆಸಿ ನನಗೆ, "ಜೋರಾಗಿ ಓದು," ಎಂದಳು.

"ಶಾಂತಾಬಾಯಿ," ಎಂದು ಓದಿದೆ.

ಕಾಕಾನ ಮುಖ ಅರಿಸಿನದಡಿಯಲ್ಲೂ ಕಪ್ಪಿಟ್ಟಿತು. ನನಗೆ ಹೊಟ್ಟೆ ತುಂಬಿದಷ್ಟು ಖುಷಿ. ಸ್ಪ್ಯಾನರ್ ಅವ್ವನ ಪೂಜೆಯ ಚೀಲದಲ್ಲೇ ಇತ್ತು.

"ವೈನಿ, ನಾವು ಮನೀಗೆ ಹ್ಯಾಂಗ ಹೋಗೋದ್ರಿ?"

"ಬಸ್ ಅದಾವಲ್ಲ."

ಬಿಚ್ಚಿದ ಕಾರ್ಬ್ಯುರೇಟರನ್ನು, ಪೆಟ್ರೋಲು ತೊಟ್ಟಿಕ್ಕುತ್ತಿದ್ದಂತೆಯೇ, ನನ್ನ ಮಡಿಲಿಗಿಟ್ಟು ಅವ್ವ ನಮ್ಮ ಕಾರು ಹತ್ತಿದಳು. ಅಪ್ಪ ಕೀಲಿ ತಿರುವಿದ. ಒಂದೇ ಸಲಕ್ಕೆ ಶುರುವಾಯಿತು. ಬೇರೆ ಮಾದರಿಯ ಹೊಸ ಕಾರ್ಬ್ಯುರೇಟರನ್ನು ಅವನು ನಮ್ಮ ಕಾರಿಗೆ ಹೊಂದಿಸಿ ಆಗಲೇ ಆರು ತಿಂಗಳಾಗಿತ್ತು.