ಯಾವ ಕುದುರೆ?

"ಮೊದ್ಲು ಅವರು ಹುಟ್ಟಿದ ವರ್ಷ ಗೊತ್ತಾಗ್ಲಿ, ಆಮೇಲೆ ಅವರ ತಪ್ಪು ಹೇಳ್ತೀನಿ," ಅಂತ ಗುನ್‌ಜಾ ಅಕ್ಕ ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತ್ಬಿಟ್ಲು. ಆಗಲೇ ಗಂಟೆ ಐದು. ಆರರೊಳಗೆ ಬರೆದು ಕಳಿಸದೇ ಇದ್ರೆ ಸೊನ್ನೆ. ಕಾಲೇಜು ಸೇರಿದೀನಿ ಅಂತ ನಮ್ಮ ಸೊಕ್ಚೊ ಊರಿನ ಮೀನುಪೇಟೆ ಪೂರ್ತಿ ಸಾರಿಕೊಂಡು ಬಂದಿದ್ಲು. ಸೊನ್ನೆ ಬಂದ್ರೆ ಬುಟ್ಟೀಲಿರೋ ಸತ್ತ ಮೀನೂ ಎದ್ದು ನಗೋದು.

ಕಾಲೇಜು ಅಂದ್ರೆ ಮನೇಲೇ ಕೂತು ಕಂಪ್ಯೂಟರ್‌ನಲ್ಲಿ ಕಲಿಯೋ ಕಾಲೇಜು. ಬರೆಯೋದು ಹೇಗೆ ಅಂತ ಪಾಠ. ಈ ವಾರ ಮೇಷ್ಟ್ರು ಹೊಸದೊಂದು ಕೊಟ್ಟಿದ್ರು: ಇವಳು ಬರೆದಿದ್ದನ್ನ ಜೊತೆಗೆ ಓದೋರು ಒಬ್ರು ನೋಡ್ಬೇಕು, ಅವರು ಬರೆದಿದ್ದನ್ನ ಇವಳು ನೋಡ್ಬೇಕು, ಎಲ್ಲಿ ತಿದ್ದಬೇಕು ಅಂತ ಒಬ್ಬರಿಗೊಬ್ಬರು ಹೇಳ್ಬೇಕು. ಬರೀ ಹೊಗಳಿದ್ರೆ ನಡಿಯಲ್ಲ. ನಿಜವಾದ ಹೆಸರೂ ಹಾಕೋ ಹಾಗಿಲ್ಲ. ಇವಳು 'ಅಲೆ'. ಆ ಕಡೆಯವರು 'ಮೂಲಂಗಿ'.

"ಅಕ್ಕಾ, ಮೂಲಂಗಿಗೆಂಥಾ ವಯಸ್ಸು? ಬರೆದು ಬಿಸಾಕು," ಅಂದೆ.

"ನನಗಿಂತ ದೊಡ್ಡೋರಾಗಿದ್ರೆ? ಹಿರೀರಿಗೆ ನೀವು ಬರೆದಿದ್ದು ಸರಿಯಿಲ್ಲ ಅಂತ ಹೇಳೋಕಾಗುತ್ತೇನೇ?"

"ನಿನಗೆ ಎಪ್ಪತ್ತೆರಡು. ನಿನಗಿಂತ ದೊಡ್ಡೋರೆಲ್ಲ ಗುಡ್ಡದ ಮೇಲೆ ಮಣ್ಣೊಳಗೆ ಮಲಗಿದಾರೆ."

"ಸುಮ್ನಿರೇ. ನಾನು ಕಾಲೇಜು ಸೇರಿದ್ದೇ ಯಾರಾದ್ರೂ ಒಬ್ರು ನನಗೆ ನಿಜ ಹೇಳ್ಲಿ ಅಂತ. ಮಗನಿಗೆ ತೋರಿಸಿದ್ರೆ 'ತುಂಬಾ ಚೆನ್ನಾಗಿದೆ ಅಮ್ಮ'. ಮೊಮ್ಮಗಳಿಗೆ ತೋರಿಸಿದ್ರೆ 'ತುಂಬಾ ಚೆನ್ನಾಗಿದೆ ಅಜ್ಜಿ'. ನೀನು?"

"ತುಂಬಾ ಚೆನ್ನಾಗಿದೆ ಅಕ್ಕ," ಅಂದೆ. ಇನ್ನೇನನ್ನಲಿ? ನನಗಿಂತ ಎಂಟು ತಿಂಗಳು ಮುಂಚೆ ಹುಟ್ಟಿದ ಒಂದೇ ಪುಣ್ಯಕ್ಕೆ ನಲವತ್ತು ವರ್ಷದಿಂದ ನನ್ನ ಕೈಲಿ ಅಕ್ಕ ಅನ್ನಿಸ್ಕೊಂಡಿದಾಳೆ. ನಮ್ಮ ಕಡೆ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ ಹೆಸರು; ಅವಳು ಕುದುರೆ ವರ್ಷದವಳು, ನಾನು ಅದರ ಮುಂದಿನ ಕುರಿ ವರ್ಷದವಳು.

ಕೊನೆಗೆ ಒಂದೇ ಬೆರಳಲ್ಲಿ ಕುಟ್ಟಿದ್ಲು: 'ಮೂಲಂಗಿಯವರೇ, ತಪ್ಪು ತಿಳೀಬೇಡಿ, ತಾವು ಯಾವ ಪ್ರಾಣಿ ವರ್ಷದವರು?' ಕಾದ್ವಿ. ಕಾದೂ ಕಾದೂ ನನಗೆ ಇರೋ ನಾಲ್ಕು ಹಲ್ಲಲ್ಲಿ ಇನ್ನೆರಡು ಉದುರಿರಬೇಕು. ಉತ್ತರ ಬಂತು: 'ಕುದುರೆ. ನಾನೂ ಇದನ್ನೇ ಕೇಳೋಣ ಅಂತಿದ್ದೆ, ಧೈರ್ಯ ಬರ್ಲಿಲ್ಲ. ನೀವು?'

"ಕುದುರೆ! ನನ್ನ ಓರಗೆಯವಳು ಕಣೇ!" ಅಕ್ಕ ಕಿರುಚಿದ ರಭಸಕ್ಕೆ ಅಂಗಳದಲ್ಲಿ ಒಣಗಾಕಿದ್ದ ಮೀನೆಲ್ಲ ಸಮುದ್ರಕ್ಕೆ ವಾಪಸ್ ಹಾರಬೇಕಿತ್ತು. 'ನಾನೂ ಕುದುರೇನೇ ಕಣೇ!' ಅಂತ ಕುಟ್ಟೇಬಿಟ್ಲು. ಕುದುರೆ ವರ್ಷ ಹನ್ನೆರಡು ವರ್ಷಕ್ಕೊಂದು ಸಲ ಬರುತ್ತೆ, ಇದು ಎಷ್ಟನೇ ಕುದುರೆಯೋ ವಿಚಾರಿಸು ಅನ್ನೋಕೆ ಬಾಯಿ ತೆಗೆದೆ. ಗಡಿಯಾರ ನೋಡಿದೆ. ಐದೂವರೆ. ಬಾಯಿ ಮುಚ್ಕೊಂಡೆ.

ಆಮೇಲೆ ಅವಳನ್ನ ನೋಡ್ಬೇಕಿತ್ತು! 'ಲೇ ಮೂಲಂಗಿ, ಮೊದಲನೇ ಪುಟದ ತುಂಬ ಬರೀ ಚೆರಿ ಹೂವು. ಹೂವು ಬೇಕಾದ್ರೆ ನಾನೇ ಕಿಟಕಿ ತೆಗೀತೀನಿ, ನೀನ್ಯಾಕೆ? ಮೀನು ಒಣಗಾಕೋ ಮುಂಚೆ ಕರುಳು ತೆಗೀತೀವಿ, ಇಲ್ದಿದ್ರೆ ಊರೆಲ್ಲ ನಾತ. ಆ ಪುಟ ಕಿತ್ತಾಕು. ಹೋಟ್ಲಲ್ಲಿ ಕೋಳಿ ಕರಿಯುವಾಗ ಕೈ ಸುಟ್ಕೊಂಡೆ, ಮನೇಲಿ ಹೇಳ್ಲಿಲ್ಲ ಅಂತ ಕೊನೇಲಿ ಒಂದು ಸಾಲು ಬರೆದಿದೀಯಲ್ಲ, ಅದೇ ಕಣೇ ಮೀನು. ಯಾಕೆ ಹೇಳ್ಲಿಲ್ಲ? ಅಲ್ಲಿಂದ ಶುರು ಮಾಡು.' ಕಳಿಸಿ, ಯುದ್ಧ ಗೆದ್ದೋಳ ಹಾಗೆ ಬೆವರು ಒರೆಸ್ಕೊಂಡ್ಲು.

ಆರಕ್ಕೆ ಹತ್ತು ನಿಮಿಷ ಇದ್ದಾಗ ಇವಳು ಬರೆದಿದ್ದಕ್ಕೆ ಮೂಲಂಗಿ ಮಾತು ಬಂತು. 'ಲೇ ಅಲೆ, ಬೈಸ್ಕೊಂಡು ಇಷ್ಟು ಖುಷಿ ಆಗಿದ್ದು ಇದೇ ಮೊದ್ಲು. ಹೂವಿನ ಪುಟ ಕಿತ್ತಾಕಿದೆ. ಈಗ ನಿನ್ನದು. ಮೀನು ಒಣಗಿಸೋದನ್ನ ಮೂರು ಪುಟ ಎಳೆದು, ಕೊನೇಲಿ ಇದ್ದಕ್ಕಿದ್ದ ಹಾಗೆ "ಈಗ ಮೀನು ತೂಗುಹಾಕೋ ತಂತಿ ಕಟ್ಟೋಕೆ ಅವನಿಲ್ಲ" ಅಂತೀಯಲ್ಲ, ಕಳ್ಳಿ! ಯಾರೇ ಅವನು? ಎಲ್ಲಿ ಹೋದ? ಓಡಿಹೋದ್ನಾ?'

ಅಕ್ಕನ ಗಂಡ ತೀರಿಹೋಗಿ ಹನ್ನೊಂದು ವರ್ಷ. ನಾನು ಅವಳ ಕಡೆ ತಿರುಗಿದೆ. ನೋಡಿದ್ರೆ ಇವಳು ಹೊಟ್ಟೆ ಹಿಡ್ಕೊಂಡು ನಗ್ತಿದಾಳೆ, ಕಣ್ಣಲ್ಲಿ ದಳದಳ ನೀರು. "ಓಡಿಹೋದ್ನಾ ಅಂತೆ! ಆ ಸೋಮಾರಿ! ನಡಿಯೋಕೇ ಬೇಜಾರು ಪಡ್ತಿದ್ದ ಕಣೇ!" ನೆಲ ಗುದ್ದಿ ಗುದ್ದಿ ನಕ್ಕಳು. ಆಮೇಲೆ ಮೆಲ್ಲಗೆ, "ಅವನು ಹೋದ ಮೇಲೆ ನನ್ನ ಲೇ ಅಂದೋರು ಇವಳೊಬ್ಬಳೇ," ಅಂದ್ಲು.

ಕೆಳಗೆ ಇನ್ನೂ ಎರಡು ಸಾಲಿತ್ತು. ಅಕ್ಕ ಕಣ್ಣೊರೆಸ್ಕೊಂಡು ಗಟ್ಟಿಯಾಗಿ ಓದಿದ್ಲು: 'ನಮ್ಮಜ್ಜೀನೂ ನಿನ್ನ ಹಾಗೇನೇ, ಮುಖ್ಯವಾದದ್ದನ್ನ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕ್ಕೊಳ್ಳೋವಾಗ ಹೇಳ್ತಾಳೆ. ಮೊನ್ನೆ ತಾನೇ ಎಪ್ಪತ್ತು ತುಂಬ್ತು ಅವಳಿಗೆ.'

"ಅಕ್ಕಾ," ಅಂದೆ, "ನಿನ್ನ ಓರಗೆಯವಳ ಅಜ್ಜಿ ನಿನಗಿಂತ ಎರಡು ವರ್ಷ ಚಿಕ್ಕವಳು."

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದ್ಲು, ಬಿಚ್ಚಿದ್ಲು, ಮತ್ತೆ ಮಡಿಸಿದ್ಲು. ಅಷ್ಟರಲ್ಲಿ ಟಣ್ ಅಂತ ಇನ್ನೊಂದು ಬಂತು: 'ಅಂದ ಹಾಗೆ, ನೀನು ಯಾವ ಕುದುರೆ?'

"ಹೇಳ್ಬಿಡು ಅಕ್ಕ. ಪಾಪ, ಹುಡುಗಿ."

"ಹೇಳಿದ್ರೆ ನಾಳೆಯಿಂದ 'ತಾವು' ಅಂತಾಳೆ. 'ತುಂಬಾ ಚೆನ್ನಾಗಿದೆ ಅಜ್ಜಿ' ಅಂತಾಳೆ."

ಅಕ್ಕ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ್ಲು:

'ನಾಲ್ಕು ಕಾಲಿಂದು ಕಣೇ. ಮುಂದಿನ ವಾರದ್ದು ಬೇಗ ಕಳಿಸು.'