ಧಣಿಯ ಪಣ

ಇಸ್ಪೀಟಿನಲ್ಲಿ ಹೊಲ, ಕುದುರೆ ಎಲ್ಲ ಸೋತ ಆ ರಷ್ಯನ್ ಜಮೀನ್ದಾರ ಕೊನೆಗೆ ಗಾಡಿ ಹೊಡೆಯುವ ಜೀತದಾಳು ಯೆಫೀಮನನ್ನೇ ಪಣಕ್ಕಿಟ್ಟ. ಅವನನ್ನೂ ಸೋತ.

ಗೆದ್ದ ಕರ್ನಲ್ ಯೆಫೀಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ಈ ಮುದಿ ಗೂಬೆ ನನಗ್ಯಾಕೆ? ಹೋಗೋ, ಇವತ್ತಿಂದ ನೀನು ಸ್ವತಂತ್ರ."

ಯೆಫೀಮ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಹಳೆಯ ಧಣಿಯ ಎದುರಿಗೇ ಕುಳಿತ.

"ಏಳೋ ನಾಯಿ! ನನ್ನ ಸಮಕ್ಕೆ ಕೂರ್ತೀಯಾ?"

"ಹೋದ ವರ್ಷ ನನ್ನ ಹೆಂಡತೀನ ಇದೇ ಮೇಜಿನ ಮೇಲೆ ಸೋತ್ರಿ. ಬನ್ನಿ, ಇನ್ನೊಂದಾಟ ಆಡೋಣ. ನಾನು ಸೋತ್ರೆ ಮತ್ತೆ ನಿಮ್ಮ ಜೀತದಾಳು. ನೀವು ಸೋತ್ರೆ, ನನ್ನ ಜೀತದಾಳು."

ಧಣಿ ಹಲ್ಲು ಕಡಿಯುತ್ತ ಚಾಟಿಗೆ ಕೈಹಾಕಿದ. ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲಿದ್ದ ಎಲೆಗಳ ಕಟ್ಟಿನ ಮೇಲೆ ಬಿತ್ತು.

"ಹಂಚು," ಎಂದ.