ಎರಡು ಕಾರು, ಒಂದು ಏರು

ರಿಪೇರಿಗೆ ಬಿಟ್ಟಿದ್ದ ಟೀಚರಮ್ಮನ ಹಸಿರು ಕಾರಿನ ಎಂಜಿನ್ನನ್ನು ಗ್ಯಾರೇಜಿನ ಯಜಮಾನ ಬಿಚ್ಚಿ ತನ್ನ ಕಪ್ಪು ಕಾರಿಗೆ ಕೂರಿಸಿಕೊಂಡಿದ್ದ. ತನ್ನ ಸವೆದ ಎಂಜಿನ್ನನ್ನು ಅವರ ಕಾರಿಗೆ ತುರುಕಿದ್ದ.

ಹಾಗಾಗಿ ಇವತ್ತು ಹಳೆ ಕಾರುಗಳ ಸಂಘದವರ ಎದುರು ಕಪ್ಪು ಕಾರು ಮೂರನೇ ಗೇರಿನಲ್ಲೇ ಏರು ಹತ್ತಿತು. ಹಸಿರು ಕಾರು ಮೊದಲನೇ ಗೇರಿನಲ್ಲೂ ಏದುಸಿರು ಬಿಟ್ಟು ಅರ್ಧಕ್ಕೇ ನಿಂತಿತು.

"ಒಂದೇ ಕಂಪನಿ, ಒಂದೇ ವರ್ಷ, ಎರಡಕ್ಕೂ ನಲವತ್ತು ಹಾರ್ಸ್‌ಪವರ್," ಎಂದು ಯಜಮಾನ ನಕ್ಕ. "ನಿಮ್ಮ ಕುದುರೆಗಳಿಗೆ ವಯಸ್ಸಾಯ್ತು ಟೀಚರ್. ಗುಜರಿಗೆ ಹಾಕಿಬಿಡಿ, ನಾನೇ ಸಾಗಿಸ್ತೀನಿ."

"ರಿಪೇರಿಗೆ ಬಿಡೋ ದಿನ ಇದೇ ಏರು ಹತ್ತಿಸ್ಕೊಂಡು ಬಂದಿದ್ದೆನಲ್ಲಪ್ಪ," ಎನ್ನುತ್ತ ಟೀಚರಮ್ಮ ಕಪ್ಪು ಕಾರಿನ ಬಾನೆಟ್ ಎತ್ತಿದರು. ತೊಳೆದು ಹೊಳಪು ಕೊಟ್ಟ ಎಂಜಿನ್ನಿನಲ್ಲಿ, ಆಕ್ಸಿಲರೇಟರ್ ಕಡ್ಡಿಯ ತುದಿಗೆ ಒಂದು ಹೇರ್‌ಪಿನ್ ಬಾಗಿ ಕೂತಿತ್ತು. ಎಂದೋ ನಡುರಸ್ತೆಯಲ್ಲಿ ಅಲ್ಲಿನ ಪಿನ್ನು ಬಿದ್ದುಹೋದಾಗ ಅವರೇ ತಲೆಯಿಂದ ತೆಗೆದು ಸಿಕ್ಕಿಸಿದ್ದು. ಈಗ ತುರುಬಿನಿಂದ ಅಂಥದೇ ಇನ್ನೊಂದನ್ನು ಕಿತ್ತು ಅದರ ಪಕ್ಕಕ್ಕೆ ಹಿಡಿದರು. ಸಂಘದವರು ಬಗ್ಗಿ ನೋಡಿದರು.

"ಬಿಸಿ ಇದೆ, ಕೈ ಸುಟ್ಕೋತೀರ. ಬಾನೆಟ್ ಮುಚ್ಚಿ ಟೀಚರ್," ಎಂದ ಯಜಮಾನ. ಈಗ ನಗುತ್ತಿರಲಿಲ್ಲ.

"ಮುಚ್ಚಲ್ಲ," ಎಂದರು ಟೀಚರಮ್ಮ.